ಊಟಕ್ಕೆ ಮೊದಲು

ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಮನೆ. ಆ ದಿನ ಸತ್ಯನಾರಾಯಣ ಪೂಜೆ ಇತ್ತು. ಅಮ್ಮ ಬೆಳಗ್ಗಿನಿಂದ ಉಪವಾಸ. ಪೂಜೆ ಮುಗಿಯದೆ ಏನೂ ತಿನ್ನುವವಳಲ್ಲ, ಎಷ್ಟೋ ವರ್ಷದ ರೂಢಿ.

ಹನ್ನೊಂದೂವರೆ ಹೊತ್ತಿಗೆ ಒಳಗೆ ಹೋದೆ. ಅಮ್ಮ ಬತ್ತಿ ಹೊಸೆಯುತ್ತಿದ್ದಳು. ಕಣ್ಣು ಮುಚ್ಚಿಕೊಂಡು ನೂರು ಬತ್ತಿ ಮಾಡುವ ಕೈ ಅದು. ಅವತ್ತು ಹತ್ತಿ ಬೆರಳಿಗೆ ಅಂಟಿಕೊಂಡು ಬಿಚ್ಚಿಹೋಗುತ್ತಿತ್ತು. ಅಮ್ಮ ಮತ್ತೆ ಮತ್ತೆ ಅದೇ ಬತ್ತಿಯನ್ನು ಎತ್ತುತ್ತಿದ್ದಳು. ಮೇಲ್ದುಟಿಯ ಮೇಲೆ ಬೆವರಿನ ಸಣ್ಣ ಸಣ್ಣ ಹನಿ.

“ಎಂತಾತು?” ಎಂದು ಕೇಳಿದೆ.

“ಎಂತದೂ ಇಲ್ಲೆ, ರಜ್ಜ ಸೆಕೆ” ಎಂದು ಸಿಡುಕಿದಳು. ಅಮ್ಮ ಸಿಡುಕುವವಳೇ ಅಲ್ಲ. ಕೈ ಹಿಡಿದು ನೋಡಿದರೆ ತಣ್ಣಗಿತ್ತು, ನಡುಗುತ್ತಿತ್ತು.

ಅಮ್ಮನಿಗೆ ಸಕ್ಕರೆ ಕಾಯಿಲೆ, ಶುಗರ್ ನೋಡುವ ಮೆಷಿನ್ ಮನೆಯಲ್ಲೇ ಇತ್ತು. ಬೆರಳು ಚುಚ್ಚಿದೆ. 52 ಎಂದು ತೋರಿಸಿತು. 70ಕ್ಕಿಂತ ಕೆಳಗೆ ಬಂದರೆ ಲೋ ಶುಗರ್ ಎಂದು ಗೊತ್ತಿತ್ತು. ಆದರೂ ಆ ಅಂಕಿ ನೋಡಿ ನನ್ನ ಎದೆ ಧಸಕ್ಕೆಂದಿತು. ಅಡುಗೆಮನೆಗೆ ಓಡಿ ಮೂರು ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕದಡಿದೆ. ದೊಡ್ಡಮ್ಮ ತಡೆದರು. “ಶುಗರು ಇಪ್ಪವಕ್ಕೆ ಸಕ್ಕರೆ ಕೊಡ್ಲಾಗ ಮಗಾ!”

ಅವರದ್ದು ತಪ್ಪು ಎನ್ನಲಾರೆ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ವಿಷ ಎಂದೇ ನಾವೆಲ್ಲ ಕೇಳಿಕೊಂಡು ಬಂದವರು. ಅದೇ ಸಕ್ಕರೆ ಮದ್ದಾಗುವ ಹೊತ್ತೂ ಇದೆ ಎಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ಒಲೆಯ ಮೇಲೆ ಪ್ರಸಾದದ ಸಜ್ಜಿಗೆ ಇತ್ತು. ಆದರೆ ತುಪ್ಪ ಜಾಸ್ತಿ ಇದ್ದರೆ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನ. ಅಂಥ ಹೊತ್ತಿಗೆ ಬರೀ ಸಕ್ಕರೆ ನೀರೇ ಆಗಬೇಕು.

ಅಮ್ಮನಿಗೆ ಎಚ್ಚರ ಇತ್ತು, ನುಂಗಲು ಆಗುತ್ತಿತ್ತು. ಅದು ನಮ್ಮ ಪುಣ್ಯ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕುವ ಹಾಗಿಲ್ಲ, ಉಸಿರಿನ ನಾಳಕ್ಕೆ ಹೋಗುತ್ತದೆ. ಆಸ್ಪತ್ರೆಗೇ ಓಡಬೇಕು.

ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿದೆ. 81. ಬೆವರು ಆರಿತ್ತು. ಇನ್ನು ಏನಾದರೂ ತಿನ್ನಲೇಬೇಕು ಎಂದರೆ ಅಮ್ಮ ಪೂಜೆಯ ಕಡೆ ನೋಡಿದಳು. ಭಟ್ಟರೇ ಮಂಡಲದ ಎದುರಿನಿಂದ ಹೇಳಿದರು, “ಮೊದಲು ಅವಕ್ಕೆ ತಿಂಬಲೆ ಕೊಡು. ಪೂಜೆ ಅದರಷ್ಟಕ್ಕೆ ಆವುತ್ತು.” ಅಮ್ಮ ಬಾಳೆಹಣ್ಣು, ಅವಲಕ್ಕಿ ತಿಂದಳು. ಆ ಮಾತಿಗೆ ನಾನು ಭಟ್ಟರಿಗೆ ಇವತ್ತಿಗೂ ಋಣಿ.

ಡಾಕ್ಟರಿಗೆ ಫೋನ್ ಮಾಡಿದಾಗ ಮೊದಲು ಕೇಳಿದ್ದು, “ಬೆಳಗ್ಗೆ ಮಾತ್ರೆ ತಗೊಂಡಿದ್ರಾ?” ತಗೊಂಡಿದ್ದಳು. ಗ್ಲಿಮಿಪಿರೈಡ್. ಹೊಟ್ಟೆಗೆ ಏನೂ ಬೀಳದಿದ್ದರೂ ಈ ಮಾತ್ರೆ ದೇಹದಲ್ಲಿ ಶುಗರ್ ಇಳಿಸುವ ಇನ್ಸುಲಿನ್ ಬಿಡಿಸುತ್ತಲೇ ಇರುತ್ತದಂತೆ. ಅದರ ಕೆಲಸ ಒಂದೆರಡು ಗಂಟೆಗೆ ಮುಗಿಯುವುದಿಲ್ಲ, ಶುಗರ್ ಮತ್ತೆ ಇಳಿಯಬಹುದು, ಇವತ್ತಿಡೀ ನೋಡುತ್ತಿರಿ ಎಂದರು. ರಾತ್ರಿಯವರೆಗೆ ಇನ್ನೂ ನಾಲ್ಕು ಸಲ ಬೆರಳು ಚುಚ್ಚಿದೆ.

ಯಾಕೆ ಹೀಗಾಯಿತು ಎಂದು ಅಮ್ಮನ ಹತ್ತಿರ ಕೂತು ಕೇಳಿದೆ. ಮದ್ದಿನ ಅಂಗಡಿಯವರು “ಭಕ್ಷಣತ್ತಿನ್ ಮುನ್ಪ್” ಎಂದಿದ್ದರಂತೆ. ಊಟಕ್ಕೆ ಮೊದಲು. ಕವರಿನ ಮೇಲೆ ಬರೆದದ್ದೂ ಮಲಯಾಳದಲ್ಲಿ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದರೂ ಅಮ್ಮ ಕಲಿತದ್ದು ಇಲ್ಲಿನ ಕನ್ನಡ ಶಾಲೆಯಲ್ಲಿ. ಮಲಯಾಳ ಮಾತು ಅರ್ಥವಾಗುತ್ತದೆ, ಅಕ್ಷರ ಬಾರದು. ಕೇಳಿದ ಮಾತನ್ನು ಅವಳು ಚಾಚೂ ತಪ್ಪದೆ ಪಾಲಿಸಿದ್ದಳು. ಊಟಕ್ಕೆ ಮೊದಲೇ ನುಂಗಿದ್ದಳು. ಬೆನ್ನಿಗೇ ಊಟ ಬರಬೇಕು ಎಂದು ಮಾತ್ರ ಆ ಎರಡು ಪದದಲ್ಲಿ ಇರಲಿಲ್ಲ.

ಮಾತ್ರೆಯ ಡಬ್ಬಿಯ ಮೇಲೆ ಈಗ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲೇ ಬರೆದು ಅಂಟಿಸಿದ್ದೇನೆ: ‘ತಿಂಡಿಯ ತಟ್ಟೆ ಎದುರಿಗೆ ಬಂದ ಮೇಲೆ.’ ಉಪವಾಸ ಇದ್ದರೆ ಡಾಕ್ಟರನ್ನು ಮೊದಲೇ ಕೇಳಬೇಕು, ನಾವೇ ಮಾತ್ರೆ ಬಿಡುವುದೂ ಬೇಡ ಎಂದು ಮಾತಾಗಿದೆ. ದೇವರ ಕೋಣೆಯ ಕಪಾಟಿನಲ್ಲಿ ಸಕ್ಕರೆಯ ಸಣ್ಣ ಭರಣಿ ಇದೆ. ಯಾಕೆಂದು ದೊಡ್ಡಮ್ಮನಿಗೂ ಗೊತ್ತು.

ಮೊನ್ನೆ ಏಕಾದಶಿಗೆ ಎರಡು ದಿನ ಇರುವಾಗ ಅಮ್ಮನೇ ನನ್ನ ಫೋನ್ ಹಿಡಿದುಕೊಂಡು ಬಂದಳು. “ಡಾಕ್ಟ್ರಿಂಗೆ ಒಂದರಿ ಮಾಡಿ ಕೊಡು. ಮಾತ್ರೆ ಎಂತ ಮಾಡೆಕ್ಕು ಹೇಳಿ ಕೇಳ್ತೆ.”