ನನಗೆ ಅಡುಗೆ ಬೇಡ, ಆದರೂ ರಾತ್ರಿ ಊಟ ಆಗುತ್ತದೆ

ಅಡುಗೆ ಮಾಡೋದು ನನಗೆ ಇಷ್ಟವಿಲ್ಲ. ಬರೋದಿಲ್ಲ ಅಂತಲ್ಲ, ಬರುತ್ತದೆ. ನಾನು ಮಾಡಿದ್ದಕ್ಕೆ ಯಾರೂ ತಟ್ಟೆ ಸರಿಸಿ ಎದ್ದು ಹೋಗಿಲ್ಲ. ಲೆಕ್ಕ ಬರೆಯೋದು ಇಷ್ಟ, ಬಟ್ಟೆ ಮಡಚೋದು ಇಷ್ಟ, ಮಾಡಿನ ಧೂಳು ಜಾಡಿಸೋದು ಕೂಡ ನಡೆಯುತ್ತದೆ. ಒಲೆ ಮುಂದೆ ನಿಲ್ಲೋದು ಮಾತ್ರ ಬೇಡ. ಧಾರವಾಡದಲ್ಲಿ ಇದನ್ನು ಬಾಯಿ ಬಿಟ್ಟು ಹೇಳಿದರೆ ಜನ ನನ್ನನ್ನು ಜ್ವರ ಬಂದವರನ್ನು ನೋಡಿದ ಹಾಗೆ ನೋಡುತ್ತಾರೆ. ನಮ್ಮ ಕಡೆ ರೊಟ್ಟಿ ಬಡಿಯುವ ಸಪ್ಪಳ ಕೇಳಿಯೇ ಸೊಸೆಗೆ ಮಾರ್ಕ್ಸ್ ಕೊಡುತ್ತಾರಲ್ವಾ.

ಮನೆಯಲ್ಲಿ ಅಡುಗೆ ಅತ್ತೆಯವರದು. ಅವರಿಗೆ ಅದು ಇಷ್ಟ, ನನಗೆ ನೌಕರಿ ಇಷ್ಟ, ಹೀಗಾಗಿ ಜಗಳವಿಲ್ಲ. ಈಗ ಅವರು ಗದಗದಲ್ಲಿದ್ದಾರೆ. ಅವರ ತಂಗಿಗೆ ಮೊಣಕಾಲಿನ ಆಪರೇಷನ್ ಆಗಿದೆ, ಆಕೆ ಎದ್ದು ಓಡಾಡುವ ತನಕ ಅಲ್ಲೇ. ಇಲ್ಲಿ ಉಳಿದವರು ನಾನು, ನಮ್ಮನೆಯವರು, ಪಿಯುಸಿ ಓದುವ ಮಗ, ಮತ್ತೆ ಮಾವ. ಮಾವ ಹಲ್ಲಿನ ಸೆಟ್ ಮಾಡಿಸಿಕೊಂಡಿದ್ದಾರೆ. ಅದು ಯಾವಾಗಲೂ ಕಿಟಕಿ ಮೇಲಿನ ಬಟ್ಟಲಲ್ಲಿ ಇರುತ್ತದೆ.

ಸಂಜೆ ಹುಬ್ಬಳ್ಳಿಯಲ್ಲಿ ಆಫೀಸು ಮುಗಿಸಿ ಚಿಗರಿ ಬಸ್ಸು ಹತ್ತುತ್ತೇನೆ. ಉಣಕಲ್ ದಾಟುವಷ್ಟರಲ್ಲಿ ಮಗನ ಫೋನು. "ಮಮ್ಮಿ, ರಾತ್ರಿಗೆ ಏನು?" ನನಗೆ ಭಾರ ಆಗೋದು ಅಡುಗೆ ಅಲ್ಲ, ಈ ಪ್ರಶ್ನೆ. ಹೆಚ್ಚೋದು, ಕುದಿಸೋದು ಅರ್ಧ ತಾಸಿನ ಕೆಲಸ. ಆದರೆ ನಾಲ್ಕು ಬಾಯಿಗೆ ಹೊಂದುವ ಉತ್ತರ ಹುಡುಕೋದು ನವಲೂರು ಬಂದರೂ ಮುಗಿಯೋದಿಲ್ಲ. ಮಗನಿಗೆ ಗೋಬಿ ಮಂಚೂರಿ ಬೇಕು. ಮಾವನಿಗೆ ಮೆತ್ತಗಿರಬೇಕು. ನಮ್ಮನೆಯವರಿಗೆ "ಏನಾದರೂ ನಡೀತೈತಿ", ಇದು ಎಲ್ಲಕ್ಕಿಂತ ಕಷ್ಟದ್ದು.

ಉತ್ತರ ಸಿಕ್ಕಿದ್ದು ಅಡುಗೆಮನೆಯ ಮೇಲಿನ ಹಲಗೆಯಲ್ಲಿ. ಅಲ್ಲಿ ಸ್ಟೀಲಿನ ಡಬ್ಬಿಗಳ ಸಾಲು ಇದೆ: ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ವರ್ಷದ ಖಾರ. ಹಿಂಡಿ ಅಂದರೆ ನಮ್ಮ ಕಡೆಯ ಒಣ ಚಟ್ನಿಪುಡಿ. ಇಷ್ಟು ವರ್ಷ ಅವನ್ನು ಊಟದ ಪಕ್ಕದ ಸಾಮಾನು ಅಂದುಕೊಂಡಿದ್ದೆ. ಈಗ ನೋಡಿದರೆ ಅವೇ ಊಟ.

ಬೆಂಗಳೂರಿನ ನನ್ನ ಗೆಳತಿಯರಿಗೆ ಉತ್ತರ ಕರ್ನಾಟಕದ ಊಟ ಅಂದರೆ ದೊಡ್ಡ ತಟ್ಟೆ. ಬಿಸಿ ರೊಟ್ಟಿ, ಎಣ್ಣೆಗಾಯಿ, ಎರಡು ಥರದ ಕಾಳುಪಲ್ಯ, ಮೊಸರು, ಮೇಲೆ ಹೋಳಿಗೆ. ಅದು ಖಾನಾವಳಿಯ ಊಟ, ಇಲ್ಲಾ ಹಬ್ಬದ್ದು. ದಿನದ ಊಟ ಹುಟ್ಟಿದ್ದು ಹೊಲಕ್ಕೆ ಹೋಗುವವರಿಗಾಗಿ. ಬುತ್ತಿ ಕಟ್ಟಿದರೆ ಸಂಜೆತನಕ ಕೆಡಬಾರದು, ಬಿಸಿ ಮಾಡುವ ಗೋಜು ಇರಬಾರದು. ಅದಕ್ಕೇ ಖಡಕ್ ರೊಟ್ಟಿ, ಅದಕ್ಕೇ ಹಿಂಡಿ. ನೀರಿನ ಅಂಶವೇ ಇಲ್ಲದ ಮೇಲೆ ಹಳಸೋದು ಹೇಗೆ? ಎಣ್ಣೆ ಹಾಕಿ ಕಲಸಿದರೆ ಚಟ್ನಿ, ಮೊಸರು ಹಾಕಿ ಕಲಸಿದರೆ ಪಲ್ಯಕ್ಕೆ ಬದಲಿ. ಜೊತೆಗೆ ಹಸಿ ಉಳ್ಳಾಗಡ್ಡಿ, ಮೂಲಂಗಿ, ಮೆಂತ್ಯ ಸೊಪ್ಪು, ಹಕ್ಕರಕಿ. ಸೊಪ್ಪನ್ನು ತೊಳೆದು ಹಾಗೇ ತಟ್ಟೆಗೆ ಇಡುವ ಪದ್ಧತಿಯನ್ನು ಯಾರು ಶುರು ಮಾಡಿದರೋ, ಅವರಿಗೂ ಅಡುಗೆ ಬೇಡವಾಗಿತ್ತು ಅಂತ ನನ್ನ ಗುಮಾನಿ.

ಆದರೆ ಡಬ್ಬಿ ತಾನೇ ತುಂಬೋದಿಲ್ಲ. ಗುರೆಳ್ಳನ್ನು ಸಣ್ಣ ಉರಿಯಲ್ಲಿ ಚಟಪಟ ಅನ್ನುವ ತನಕ ಹುರಿಯಬೇಕು, ಸ್ವಲ್ಪ ಜಾಸ್ತಿ ಆದರೆ ಕಹಿ. ಬಳ್ಳೊಳ್ಳಿ ಸುಲಿಯಬೇಕು. ಖಾರಕ್ಕೆ ಬ್ಯಾಡಗಿ ಮೆಣಸಿನಕಾಯಿ ತಂದು ಮಾಳಿಗೆ ಮೇಲೆ ಒಣಗಿಸಿ, ತೊಟ್ಟು ಮುರಿದು, ಗಿರಣಿಗೆ ಹೊರಬೇಕು. ಬ್ಯಾಡಗಿಯಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ. ಅದಕ್ಕೆ ಅತ್ತೆಯವರು ಒಂದಿಷ್ಟು ಗುಂಟೂರು ಸೇರಿಸುತ್ತಾರೆ. ಬ್ಯಾಡಗಿಗೆ 2011ರಲ್ಲಿ ಜಿಐ ಮಾನ್ಯತೆ (ಇದು ಈ ಪ್ರದೇಶದ್ದೇ ವಿಶೇಷ ಬೆಳೆ ಅನ್ನುವ ಸರ್ಕಾರಿ ಗುರುತು) ಸಿಕ್ಕಿದೆ ಅಂತ ಒಮ್ಮೆ ಓದಿ ಹೇಳಿದೆ. "ಸಿಕ್ಕರ ರೇಟ್ ಕಡಿಮಿ ಆತೇನ?" ಅಂದರು. ನನ್ನ ಸೋಮಾರಿ ಊಟ ನಡೆಯುತ್ತಿರೋದು ಅವರ ಬೇಸಿಗೆಯ ದುಡಿಮೆ ಮೇಲೆ. ಅದು ನನಗೆ ಗೊತ್ತಿದೆ. ಹಾಗಂತ ಈ ಬೇಸಿಗೆಯಲ್ಲಿ ತೊಟ್ಟು ಮುರಿಯಲು ಕೂರುತ್ತೇನೆ ಅಂತ ಮಾತು ಕೊಡೋದಿಲ್ಲ.

ರೊಟ್ಟಿ ಕೊಂಡು ತರುತ್ತೇನೆ. ನಮ್ಮ ಓಣಿಯಲ್ಲೇ ಒಬ್ಬ ಅಕ್ಕೋರು ಖಡಕ್ ರೊಟ್ಟಿ ಮಾಡಿ ಮಾರುತ್ತಾರೆ. ಇದರಲ್ಲಿ ನಾಚಿಕೆ ಏನಿಲ್ಲ. ಗೋದಿಯಲ್ಲಿರುವ ಜಿಗುಟು ಜೋಳದ ಹಿಟ್ಟಿನಲ್ಲಿ ಇರೋದಿಲ್ಲ. ಕುದಿಯುವ ನೀರು ಹಾಕಿದರೆ ಹಿಟ್ಟು ಸ್ವಲ್ಪ ಬೆಂದು ಒಂದಕ್ಕೊಂದು ಹಿಡಿದುಕೊಳ್ಳುತ್ತದೆ, ಆಮೇಲೆ ಎಲ್ಲಾ ಅಂಗೈ ಮೇಲೆ. ಹಿಟ್ಟು ಹಳೆಯದಾದರೆ ಅಂಚು ಸೀಳುತ್ತದೆ. ಆಫೀಸಿನಿಂದ ಬಂದು ಅದರ ಜೊತೆ ಗುದ್ದಾಡುವ ಶಕ್ತಿ ನನಗಿಲ್ಲ. ಅಕ್ಕೋರ ಕೈಯಲ್ಲಿ ಅದು ಚಂದ್ರನ ಥರ ಗುಂಡಗೆ ಬರುತ್ತದೆ ಅಂತ ಬರೆಯೋಣ ಅಂದರೆ, ಬರೋದಿಲ್ಲ. ಸ್ವಲ್ಪ ಸೊಟ್ಟಗೇ ಇರುತ್ತದೆ. ರುಚಿ ಇರುತ್ತದೆ.

ಮಾವನಿಗೆ ಖಡಕ್ ರೊಟ್ಟಿ ಆಗೋದಿಲ್ಲ. ಅವರಿಗೆ ಜೋಳದ ನುಚ್ಚು. ಒಂದು ವಾಟೆ ನುಚ್ಚು, ನಾಲ್ಕು ವಾಟೆ ನೀರು, ಉಪ್ಪು, ಕುಕ್ಕರ್. ಮೇಲೆ ಮಜ್ಜಿಗೆ. ಕೆಲವು ದಿನ ಅವರೇ ರೊಟ್ಟಿ ಮುರಿದು ಸಾರಿನಲ್ಲಿ ನೆನೆಹಾಕಿ, "ಇದ ಛಲೋ ಆತವಾ" ಅಂತ ಉಣ್ಣುತ್ತಾರೆ. ಮಾವ ಸುಖಾಸುಮ್ಮನೆ ಹೊಗಳುವ ಮನುಷ್ಯ ಅಲ್ಲ, ಹಾಗಾಗಿ ನಾನು ಅದನ್ನು ನಂಬುತ್ತೇನೆ.

ಇನ್ನು ಬಿಸಿಯದು ಒಂದಾದರೂ ಬೇಕಲ್ಲ. ಅದಕ್ಕೆ ಜುಣಕ. ಎಣ್ಣೆ ಕಾದ ಮೇಲೆ ಸಾಸಿವೆ, ಜೀರಿಗೆ, ಜಜ್ಜಿದ ಬಳ್ಳೊಳ್ಳಿ, ಕರಿಬೇವು, ಹಸಿಮೆಣಸಿನಕಾಯಿ. ಉಳ್ಳಾಗಡ್ಡಿ ಹೆಚ್ಚೋದು ನಮ್ಮನೆಯವರ ಕೆಲಸ. ಟಿವಿ ಮುಂದೆ ಕೂತೇ ಹೆಚ್ಚುತ್ತಾರೆ, ಒಂದು ಹೋಳು ದಪ್ಪ, ಒಂದು ತೆಳು. ನಾನು ಏನೂ ಅನ್ನೋದಿಲ್ಲ, ಅಂದರೆ ಆ ಕೆಲಸವೂ ನನಗೇ ಬರುತ್ತದೆ. ಉಳ್ಳಾಗಡ್ಡಿ ಬಾಡಿದ ಮೇಲೆ ಅರಿಷಿಣ, ಉಪ್ಪು, ನೀರು. ಇಲ್ಲಿ ಅತ್ತೆಯವರಿಗೂ ನನಗೂ ಹೊಂದೋದಿಲ್ಲ. ಅವರು ಕುದಿಯುವ ನೀರಿಗೆ ಕಡಲೆ ಹಿಟ್ಟನ್ನು ಒಂದು ಕೈಯಿಂದ ಉದುರಿಸುತ್ತಾ ಇನ್ನೊಂದು ಕೈಯಿಂದ ಭರಭರ ತಿರುವುತ್ತಾರೆ. ನಾನು ಹಿಟ್ಟನ್ನು ತಣ್ಣೀರಲ್ಲಿ ಕಲಸಿ ಸುರಿಯುತ್ತೇನೆ. ಗಂಟು ಆಗೋದಿಲ್ಲ, ತಲೆಬಿಸಿ ಇಲ್ಲ. ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ ಇಟ್ಟರೆ ಹಸಿ ವಾಸನೆ ಹೋಗಿ ಪಾತ್ರೆಯ ಅಂಚು ಬಿಡುತ್ತದೆ. ತಳ ಸ್ವಲ್ಪ ಹಿಡಿಯಬೇಕು, ಆ ಹೊತ್ತಿದ್ದನ್ನು ಕೆರೆದು ತಿನ್ನಲು ಮಗ ಚಮಚ ಹಿಡಿದು ಬರುತ್ತಾನೆ. ಮಂಚೂರಿ ಬೇಕು ಅಂದವನು ಇವನೇ. ಮಂಚೂರಿಗೆ ಶನಿವಾರ ದುಡ್ಡು ಕೊಡುತ್ತೇನೆ ಅಂತ ಒಪ್ಪಂದ ಆಗಿದೆ. ಸೋಮವಾರದಿಂದ ಶುಕ್ರವಾರದ ತನಕ ಮಾತಿಲ್ಲ.

ನಿನ್ನೆ ಒಂಬತ್ತಕ್ಕೆ ಗದಗದಿಂದ ಫೋನು ಬಂತು.

"ಏನ ಮಾಡಿದ್ದೀ?"

"ಜುಣಕಾರೀ ಅತ್ತಿ."

"ಹಿಟ್ಟ ನೀರಾಗ ಕಲಿಸಿ ಹಾಕಿದೇನ?"

"ಹೂನ್ರೀ."

"ಹಂಗಾರ ಅದು ಜುಣಕ ಅಲ್ಲ ಬಿಡು." ಸ್ವಲ್ಪ ಹೊತ್ತು ತಂಗಿಯ ಮೊಣಕಾಲಿನ ಸುದ್ದಿ ಹೇಳಿದರು. ಆಮೇಲೆ, "ಗುರೆಳ್ಳ ಹಿಂಡಿ ಎಷ್ಟ ಉಳದೈತಿ?"

ಎದ್ದು ಹೋಗಿ ಡಬ್ಬಿ ತೆಗೆದು ನೋಡಿದೆ. ತಳ ಕಾಣುತ್ತಿತ್ತು. ಹೇಳಿದೆ.

"ಅಯ್ಯ, ದೀಪಾವಳಿತನಕ ಆಗ್ಲಿ ಅಂತ ಮಾಡಿಟ್ಟಿದ್ದೆ! ಇರ್ಲಿ, ಇಲ್ಲೇ ಸಂತ್ಯಾಗ ಗುರೆಳ್ಳ ಛಲೋ ಬಂದಾವು, ಎರಡ ಕಿಲೋ ತರ್ತೀನಿ. ಹುರಿಯೂದ ಮಾತ್ರ ನೀನ ಹುರಿ."

ಹೂಂ ಅನ್ನಲಿಲ್ಲ. ಉಹೂಂ ಅಂತಲೂ ಅನ್ನಲಿಲ್ಲ. ಫೋನನ್ನು ಮಾವನ ಕೈಗೆ ಕೊಟ್ಟೆ.