ಹದಿನೇಳನೇ ನಂಬರಿನ ದಿಂಡಿಗ

ನಾವು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಗ, ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ಸಸ್ಯಶಾಸ್ತ್ರದ ಮೇಷ್ಟ್ರು ನಮ್ಮನ್ನು ಬಂಡೀಪುರದ ಕಾಡಂಚಿಗೆ ಕರೆದುಕೊಂಡು ಹೋದರು. ಅರಣ್ಯ ಇಲಾಖೆಯ ಒಪ್ಪಿಗೆ ಇತ್ತು, ಜೊತೆಗೆ ಒಬ್ಬ ವಾಚರ್ ಇದ್ದರು. ಕಾಡು ಬೋಳಾಗಿತ್ತು. ಮತ್ತಿ, ದಿಂಡಿಗ, ತೇಗ, ಯಾವುದರಲ್ಲೂ ಎಲೆ ಇಲ್ಲ. ಕಾಲಿಟ್ಟ ಕಡೆಯೆಲ್ಲ ತರಗೆಲೆ ಚರಚರ ಅನ್ನುತ್ತಿತ್ತು.

ಮೇಷ್ಟ್ರು ಬಟ್ಟೆ ಹೊಲಿಯುವವರ ಟೇಪು ಕೊಟ್ಟು, ಎದೆಮಟ್ಟದಲ್ಲಿ ಮರಗಳ ಸುತ್ತಳತೆ ತೆಗೆಯಿರಿ ಅಂದರು. ಒಟ್ಟು ಇಪ್ಪತ್ತು ಮರ. ನನ್ನ ಪಾಲಿಗೆ ಬಂದದ್ದು ಹದಿನೇಳನೇ ನಂಬರಿನ ದಿಂಡಿಗ. ನಯವಾದ ಬೂದುಬಿಳಿ ತೊಗಟೆ, 92 ಸೆಂಟಿಮೀಟರ್ ಸುತ್ತಳತೆ.

ಪಕ್ಕದಲ್ಲೇ ಒಂದು ಮತ್ತಿ ಬಿದ್ದಿತ್ತು. ಗೆದ್ದಲು ಅದರ ಮೈಗೆಲ್ಲ ಮಣ್ಣು ಮೆತ್ತಿತ್ತು. ಮೇಷ್ಟ್ರು ಉಗುರಿನಿಂದ ಆ ಮಣ್ಣು ಕೆರೆದರು. ಬಿಳಿ ಹುಳುಗಳು ದಿಕ್ಕಾಪಾಲಾಗಿ ಓಡಿದವು. ನೋಡಲು ಗಟ್ಟಿ ಇದ್ದ ಮರ ಹೆಬ್ಬೆರಳಿಟ್ಟು ಒತ್ತಿದರೆ ರಸ್ಕಿನ ಹಾಗೆ ಪುಡಿಯಾಯಿತು.

"ಒಣಗಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲವೇ ಕಣ್ರಪ್ಪಾ. ಇದರ ಇಂಗಾಲ ಈಗ ಎಲ್ಲಿಗೆ ಹೋಗ್ತಿದೆ?"

"ಗಾಳಿಗೆ ಸಾರ್" ಅಂದೆ.

"ಪೂರ್ತಿನಾ? ಎಷ್ಟು ದಿನಕ್ಕೆ?"

ನಾನು ಸುಮ್ನೆ ನಿಂತೆ.

ಎಳೆಯ ಕಾಡು ಇಂಗಾಲ ಜಾಸ್ತಿ ಹೀರುತ್ತದೆ, ವಯಸ್ಸಾದ ಕಾಡಿನಲ್ಲಿ ಹೀರಿದ್ದಕ್ಕೂ ಬಿಟ್ಟದ್ದಕ್ಕೂ ಸರಿಹೋಗುತ್ತದೆ ಅಂತ ನಾವು ಓದಿದ್ದೆವು. ಟೆಸ್ಟಿನಲ್ಲಿ ಅದನ್ನೇ ಬರೆದೆ. ಮೇಷ್ಟ್ರು ಪೂರ್ತಿ ಅಂಕ ಕೊಟ್ಟು, ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಒಂದೇ ಮಾತು ಬರೆದಿದ್ದರು: "ನೋಡಿದ್ದೀಯಾ?"

ನೋಡಿದ್ದು ಎಷ್ಟೋ ವರ್ಷಗಳ ಮೇಲೆ, ಅಮೆರಿಕಕ್ಕೆ ಓದಲು ಹೋದಾಗ. ಮಿಷಿಗನ್ ವಿಶ್ವವಿದ್ಯಾಲಯದ ಜೀವಶಾಸ್ತ್ರ ಕೇಂದ್ರ ಪೆಲ್‌ಸ್ಟನ್ ಊರಿನ ಹತ್ತಿರ, ಡಗ್ಲಸ್ ಸರೋವರದ ದಡದಲ್ಲಿದೆ. ಅದೂ ಎಲೆ ಉದುರುವ ಕಾಡೇ. ಆದರೆ ಅಲ್ಲಿ ಎಲೆ ಉದುರುವುದು ಚಳಿಗೆ, ನಮ್ಮಲ್ಲಿ ಒಣಹವೆಗೆ. ನೂರು ವರ್ಷಕ್ಕೂ ಹಿಂದೆ ಅಲ್ಲಿನ ಹಳೆಯ ಕಾಡನ್ನು ಕಡಿದಿದ್ದರು, ಉಳಿದದ್ದಕ್ಕೆ ಮತ್ತೆ ಮತ್ತೆ ಬೆಂಕಿ ಬಿದ್ದಿತ್ತು. ಆ ಬೂದಿಯ ಮೇಲೆ ಆಸ್ಪೆನ್, ಬರ್ಚ್ ಮರಗಳು ಎದ್ದವು. ಇವು ಬೇಗ ಬೆಳೆದು ಬೇಗ ಮುದಿಯಾಗುವ ಜಾತಿ. ಇವು ಸತ್ತರೆ ಕಾಡು ಇಂಗಾಲ ಹೀರುವುದು ಕಡಿಮೆಯಾಗುತ್ತದಾ? ತಾನಾಗಿ ಸಾಯುವವರೆಗೆ ಕಾಯದೆ ವಿಜ್ಞಾನಿಗಳು 2008ರಲ್ಲಿ 39 ಹೆಕ್ಟೇರಿನಲ್ಲಿ 6,700ಕ್ಕೂ ಹೆಚ್ಚು ಆಸ್ಪೆನ್, ಬರ್ಚ್ ಮರಗಳ ಕಾಂಡದಿಂದ ಸುತ್ತಲೂ ಬಳೆಯಂತೆ ತೊಗಟೆ ತೆಗೆದರು. ಎಲೆಯಲ್ಲಿ ತಯಾರಾದ ಸಕ್ಕರೆ ಬೇರಿಗೆ ಇಳಿಯುವ ದಾರಿ ಮುಚ್ಚಿತು. ಕೆಲವೇ ವರ್ಷಗಳಲ್ಲಿ ಮರಗಳು ನಿಂತಲ್ಲೇ ಸತ್ತವು.

ಕಾಡಿನ ಮೇಲೆ ಎದ್ದು ನಿಂತ ಗೋಪುರದಲ್ಲಿ ಉಪಕರಣಗಳಿವೆ. ಕಾಡು ಎಷ್ಟು ಇಂಗಾಲದ ಡೈಆಕ್ಸೈಡ್ ಒಳಗೆಳೆಯಿತು, ಎಷ್ಟು ಹೊರಬಿಟ್ಟಿತು ಅಂತ ಅವು ಹಗಲು ರಾತ್ರಿ ಅಳೆಯುತ್ತವೆ. ಅಷ್ಟು ಮರ ಸತ್ತರೂ ಕಾಡಿನ ನಿವ್ವಳ ಗಳಿಕೆ ಕುಸಿಯಲಿಲ್ಲ. ತೆರವಾದ ಬೆಳಕು ಕೆಳಗೆ ಕಾಯುತ್ತಿದ್ದ ಓಕ್, ಮೇಪಲ್, ಪೈನ್‌ಗಳಿಗೆ ಸಿಕ್ಕಿತು. ಸತ್ತವುಗಳ ಪಾಲಿನ ಸಾರಜನಕವೂ ಇವಕ್ಕೇ ಒದಗಿತು. ಸತ್ತ ಮರ ಕೊಳೆಯುವುದು ವರ್ಷಗಟ್ಟಲೆಯ ಕೆಲಸ, ಅಷ್ಟರಲ್ಲಿ ನೆರೆಯ ಮರಗಳು ಬಲಿತಿದ್ದವು. ಮ್ಯಾಸಚೂಸೆಟ್ಸ್‌ನ ಹಾರ್ವರ್ಡ್ ಫಾರೆಸ್ಟ್‌ನಲ್ಲೂ 1990ರ ದಶಕದಿಂದ ಹೀಗೇ ಅಳೆಯುತ್ತಿದ್ದಾರೆ. ವಯಸ್ಸಾಗುತ್ತಾ ಹೋದ ಹಾಗೆ ಅಲ್ಲಿನ ಕಾಡು ಹೀರುವುದು ದಶಕಗಳ ಕಾಲ ಹೆಚ್ಚುತ್ತಲೇ ಹೋಯಿತು. ನಾನು ಟೆಸ್ಟಿನಲ್ಲಿ ಬರೆದದ್ದು ಅವಸರದ ಉತ್ತರ.

ಇದನ್ನು ಹಾಗೆಯೇ ತಂದು ಬಂಡೀಪುರಕ್ಕೆ ಅಂಟಿಸಲು ಮಾತ್ರ ನನಗೆ ಮನಸ್ಸಿಲ್ಲ. ಮಿಷಿಗನ್‌ನಲ್ಲಿ ಸತ್ತವುಗಳ ಜಾಗ ಹಿಡಿಯಲು ಬೇರೆ ಜಾತಿಯ ಮರಗಳು ಸಿದ್ಧವಿದ್ದವು. ನಮ್ಮಲ್ಲಿ ನೆಲದ ಬೆಂಕಿಯನ್ನು ದೊಡ್ಡ ಮರಗಳು ತಡೆದುಕೊಳ್ಳುತ್ತವೆ, ಸಸಿಗಳು ಸುಡುತ್ತವೆ. ಬೇರು ಬದುಕಿದ್ದರೆ ಮಳೆಗೆ ಮತ್ತೆ ಚಿಗುರುತ್ತವೆ. ಜ್ವಾಲೆಗೆ ಸಿಗದಷ್ಟು ಎತ್ತರ ಬೆಳೆಯುವ ಮೊದಲೇ ಇನ್ನೊಂದು ಬೆಂಕಿ ಬಂದರೆ? ಬುಡದಿಂದ ಮತ್ತೆ ಶುರು. ಖಾಲಿ ಜಾಗಕ್ಕೆ ಲಂಟಾನ ನುಗ್ಗುತ್ತದೆ. ಮೇಲೆ ಮರಗಳಿಗೆ ವಯಸ್ಸಾಗುತ್ತಾ ಹೋಗುತ್ತದೆ, ಕೆಳಗೆ ಅವುಗಳ ಮಕ್ಕಳೇ ಇಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರ ಉರಿದ ಚಿತ್ರಗಳನ್ನು ಫೋನಿನಲ್ಲಿ ನೋಡುತ್ತಾ ನನಗೆ ಕಾಡಿದ್ದು ಹೊಗೆಗಿಂತ ಹೆಚ್ಚಾಗಿ ಆ ಸಸಿಗಳು.

ಪಕ್ಕದ ಮುದುಮಲೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಿಂದ 50 ಹೆಕ್ಟೇರ್ ಕಾಡಿನ ಲೆಕ್ಕ ಇಟ್ಟಿದ್ದಾರೆ. ಒಂದು ಸೆಂಟಿಮೀಟರ್ ದಪ್ಪದ ಗಿಡಕ್ಕೂ ಅಲ್ಲಿ ನಂಬರ್ ಇದೆ. ಯಾವುದು ಬೆಂಕಿಗೆ ಹೋಯಿತು, ಯಾವ ಬೆಂಡೆ ಮರವನ್ನು ಆನೆ ಮುರಿಯಿತು, ಎಲ್ಲವನ್ನೂ ಬರೆದಿಡುತ್ತಾರೆ. ನಮ್ಮ ಕಾಡಿನ ಉತ್ತರ ಇಂಥ ಪುಸ್ತಕಗಳಲ್ಲೇ ಸಿಗಬೇಕು ಅಲ್ವಾ?

ಮೇಷ್ಟ್ರು ನಿವೃತ್ತರಾದಾಗ ನಮ್ಮ ಅಳತೆಯ ನೋಟ್‌ಬುಕ್ಕನ್ನು ಸಸ್ಯಶಾಸ್ತ್ರ ಲ್ಯಾಬಿನ ಬೀರುವಿನಲ್ಲಿ, ಒಣಗಿಸಿದ ಗಿಡಗಳನ್ನು ಅಂಟಿಸಿಟ್ಟ ಹರ್ಬೇರಿಯಂ ಹಾಳೆಗಳ ಕೆಳಗೆ ಇಟ್ಟು ಹೋದರಂತೆ. ನೀಲಿ ರಟ್ಟು, ಇಪ್ಪತ್ತು ಮರಗಳ ನಕ್ಷೆ ಮೊದಲ ಪುಟದಲ್ಲೇ ಇದೆ. ನಮ್ಮ ಕಾಲೇಜಿನಲ್ಲಿ ಈಗ ಓದುತ್ತಿರುವ ತಮ್ಮಂದಿರು, ತಂಗಿಯರು ಯಾರಾದರೂ ಒಪ್ಪಿಗೆ ಪಡೆದು, ಒಂದು ಟೇಪು ಹಿಡಿದು ಹೋಗಿ ಬನ್ನಿ. ಹದಿನೇಳನೆಯದು ಇನ್ನೂ ನಿಂತಿದ್ದರೆ ಅದರ ಸುತ್ತಳತೆ ನನಗೆ ಬರೆದು ಕಳಿಸಿ. ಬಿದ್ದಿದ್ದರೆ ಅದನ್ನೂ ಬರೆಯಿರಿ, ಮತ್ತೆ ಆ ಜಾಗದಲ್ಲಿ ಈಗ ಏನು ಬೆಳೆದಿದೆ ಅಂತಲೂ.