ತೇರಿನ ಬಾವುಟ

ತೇರು ಕಂಡೊಡನೆ ಜನರ ಕಣ್ಣು ಕಳಸಕ್ಕೆ ಹೋಗುತ್ತದೆ. ನನಗೆ ಮಾತ್ರ ಮೊದಲು ಕೇಳಿಸುವುದು ಬಾವುಟದ ಸದ್ದು. ಈ ಸಲದ ಫಾಲ್ಗುಣದಲ್ಲಿ ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಯ ದೊಡ್ಡ ತೇರಿನ ಪಕ್ಕ ನಿಂತಿದ್ದೆ. ಕೊಬ್ಬರಿ ಸುಟ್ಟ ಹೊಗೆ ಕಣ್ಣಿಗೆ ಅಡರುತ್ತಿತ್ತು. ಅಷ್ಟರಲ್ಲಿ ಒಂದು ಗಾಳಿ ಬಂತು ನೋಡಿ. ಮೇಲಿಂದ ಕೆಳಗಿನ ತನಕ ಕಟ್ಟಿದ್ದ ಬಾವುಟಗಳೆಲ್ಲ ಒಮ್ಮೆಲೇ ಪಟಪಟ ಅಂದವು. ಸಮಾಳ, ಉರುಮೆ, ಜನರ ಕೂಗು, ಮಕ್ಕಳ ಪೀಪಿ ಎಲ್ಲ ಇತ್ತು. ಯಾವುದೂ ನನ್ನ ಕಿವಿಗೆ ಬೀಳಲಿಲ್ಲ. ಬಟ್ಟೆಯ ಆ ಸದ್ದೊಂದೇ. ಮೈ ಜುಮ್ಮೆಂದಿತು. ಅಲ್ಲಿಗೆ ಹೇಗೆ ಹೋದೆ, ಯಾವಾಗ ಮನೆ ಸೇರಿದೆ, ಅದೆಲ್ಲ ಮಸುಕಾಗಿದೆ. ಸದ್ದು ಮಾತ್ರ ಇನ್ನೂ ಹಾಗೇ ಇದೆ.

ಹಟ್ಟಿಯಲ್ಲಿ ತೇರಿನ ಒಂದು ಬಾವುಟವನ್ನು ಭಕ್ತರ ನಡುವೆ ಹರಾಜು ಹಾಕುತ್ತಾರೆ, ಅದೇ ಮುಕ್ತಿ ಬಾವುಟ. ಆ ಹರಾಜು ಮುಗಿಯದೆ ತೇರು ಹೊರಡುವುದಿಲ್ಲ. ಹಿರಿಯೂರಿನ ತೇರುಮಲ್ಲೇಶ್ವರನ ಜಾತ್ರೆಯಲ್ಲೂ ಮುಕ್ತಿ ಬಾವುಟ ಹರಾಜಿಗೆ ಬರುತ್ತದೆ. ಮಾರನೇ ದಿನ ಪೇಪರಿನಲ್ಲಿ ಎಷ್ಟು ಲಕ್ಷಕ್ಕೆ ಹೋಯಿತು ಅನ್ನುವುದೇ ದೊಡ್ಡ ಸುದ್ದಿ. ನಾನು ಆ ಲೆಕ್ಕ ಕೇಳುವುದನ್ನು ಬಿಟ್ಟಿದ್ದೇನೆ. ಲಕ್ಷಗಟ್ಟಲೆ ದುಡ್ಡು ಸ್ವಾಮಿಗೆ ಒಪ್ಪಿಸಿ ಒಬ್ಬ ಮನುಷ್ಯ ಮನೆಗೆ ತೆಗೆದುಕೊಂಡು ಹೋಗುವುದೇನು? ಒಂದು ಬಟ್ಟೆ. ಅದನ್ನು ಉಡುವಂತಿಲ್ಲ, ಹೊದೆಯುವಂತಿಲ್ಲ. ಸ್ವಾಮಿಯ ತೇರಿನ ಗಾಳಿ ಅದಕ್ಕೆ ತಾಗಿದೆ, ಅಷ್ಟೇ. ಅಷ್ಟಕ್ಕಾಗಿಯೇ ಕೈ ಮೇಲೆತ್ತಿ ಕೂಗುವ ಆ ಭಕ್ತಿಗೆ ನಾನು ತಲೆಬಾಗುತ್ತೇನೆ. ‘ಮಾಡಿದಷ್ಟು ನೀಡು ಭಿಕ್ಷೆ’ ಅಂದ ಗುರು ನಮ್ಮ ತಿಪ್ಪೇರುದ್ರಸ್ವಾಮಿ. ಕೆರೆ ಕಟ್ಟಿಸುವಾಗ ದುಡಿದವರಿಗೆ ದುಡಿದಷ್ಟೇ ಕೂಲಿ ಸಿಕ್ಕಿತು ಅನ್ನುವ ಕಥೆ ಕೇಳಿಕೊಂಡೇ ನಾವು ಬೆಳೆದವರು. ಅಂಥವನ ಮುಂದೆ ಲಕ್ಷದ ಬಾವುಟಕ್ಕೂ ಹರಕೆಯ ಸಣ್ಣ ಬಾವುಟಕ್ಕೂ ಬೇರೆ ಬೇರೆ ತಕ್ಕಡಿ ಇರಲಾರದು.

ನಮ್ಮ ಮನೆಯಿಂದ ಹೋಗುತ್ತಿದ್ದುದು ಸಣ್ಣದೇ. ನಮ್ಮಜ್ಜಿ ಕೈಯಲ್ಲೇ ಹೊಲಿಯುತ್ತಿದ್ದಳು. ಶಿವರಾತ್ರಿ ಕಳೆದ ಮೇಲೆ ಹೊಸ ಬಟ್ಟೆ ತರಿಸುವಳು. ಉಟ್ಟ ಬಟ್ಟೆಯ ತುಂಡು ತೇರಿಗೆ ಆಗದು ಅನ್ನುವಳು. ಬಟ್ಟೆಯನ್ನು ಮೊಣಕಾಲ ಮೇಲೆ ಹಾಸಿಕೊಂಡು, ಕೋನಕ್ಕೆ ಕೋನ ಕೂಡಿಸಿ ಮಡಚಿ, ಮೂರು ಮೂಲೆಯಾಗಿ ಕತ್ತರಿಸುವಳು. ಅಂಚನ್ನು ಎರಡು ಸಲ ಮಡಚಿ ಉಗುರಿನಿಂದ ಗೀರಿ ಗೀರಿ ಮಟ್ಟಸ ಮಾಡುವಳು. ಆಮೇಲೆ ಜೋಡಿ ದಾರದಲ್ಲಿ ಒತ್ತೊತ್ತಾಗಿ ಹೊಲಿಗೆ. ತುದಿಯ ಮೂಲೆ ಬಂದಾಗ ಸೂಜಿ ನಿಲ್ಲಿಸಿ, ಅದೇ ಜಾಗದಲ್ಲಿ ಮತ್ತೆ ಮತ್ತೆ ಕುತ್ತಿ ಗಂಟು ಹಾಕುವಳು.

‘ಅಲ್ಯಾಕಜ್ಜಿ ಅಷ್ಟು?’ ಅಂದರೆ, ‘ಗಾಳಿ ಮೊದ್ಲು ತಿನ್ನೋದೇ ಆ ಮೂಲೇನ ಮಗಾ. ತೇರು ಪಾದಗಟ್ಟೆ ಮುಟ್ಟಿ ವಾಪಸ್ ಬರೋಗಂಟ ತಡೀಬೇಕು’ ಅನ್ನುವಳು.

ಹೊಲಿಯುವಾಗ ಮಾತಿಲ್ಲ. ತುಟಿ ಮಾತ್ರ ಅಲ್ಲಾಡುತ್ತಿತ್ತು. ಸೂಜಿ ಒಮ್ಮೆ ಒಳಗೆ ಹೋದರೆ ಒಮ್ಮೆ ‘ಓಂ ನಮಃ ಶಿವಾಯ’. ಒಂದು ಬಾವುಟದಲ್ಲಿ ಎಷ್ಟು ಜಪ ಇತ್ತೋ ಆ ಶಿವನಿಗೇ ಗೊತ್ತು. ಅವಳ ಹೆಸರನ್ನು ಅದರ ಮೇಲೆ ಯಾರೂ ಬರೆಯಲಿಲ್ಲ. ಬರೆಯಬೇಕು ಅಂತ ನಮಗೂ ಹೊಳೆಯಲಿಲ್ಲ.

ಬಾವುಟದ ವಿಷಯದಲ್ಲಿ ನಮ್ಮ ರಾಜರೂ ಅಜ್ಜಿಯ ದಾರಿಯವರೇ. ಬಾದಾಮಿ ಚಾಲುಕ್ಯರದು ವರಾಹ ಲಾಂಛನ. ಅದು ತಮಗೆ ಬಂದದ್ದು ಭಗವಾನ್ ನಾರಾಯಣನ ಪ್ರಸಾದದಿಂದ ಅಂತ ಅವರ ಶಾಸನಗಳು ಹೇಳುತ್ತವೆ. ಆ ಲಾಂಛನ ಕಂಡ ಕ್ಷಣವೇ ಬೇರೆ ರಾಜರು ವಶವಾದರು ಅಂತಲೂ ಬರೆಸಿದ್ದಾರೆ. ದಂಡು ಕಟ್ಟಿದವರು, ನರ್ಮದೆಯ ದಡದಲ್ಲಿ ಹರ್ಷನನ್ನು ತಡೆದವರು! ಅವರೂ ಗುರುತಿನ ವಿಷಯ ಬಂದಾಗ ‘ಇದು ನಮ್ಮದಲ್ಲ, ಪ್ರಸಾದ’ ಅಂದರು. ಈ ಮಾತು ಓದಿದ ದಿನ ನನಗೆ ಕಣ್ಣು ತುಂಬಿತ್ತು.

ಬನವಾಸಿ ಕದಂಬರ ಬಾವುಟದಲ್ಲಿ ವಾನರ. ಅರ್ಜುನನ ರಥದ ಮೇಲೆ ಕೂತ ಹನುಮಂತ ನೆನಪಾಗದೆ ಇರುತ್ತಾನಾ? ಸವದತ್ತಿಯ ರಟ್ಟರು ಸುವರ್ಣ ಗರುಡಧ್ವಜರು. ಕಲ್ಯಾಣದ ಕಳಚುರಿಗಳು ಸುವರ್ಣ ವೃಷಭಧ್ವಜರು. ಬಸವಣ್ಣ ಭಂಡಾರಿಯಾಗಿದ್ದ ಬಿಜ್ಜಳನ ಮನೆತನದ ಬಾವುಟದಲ್ಲೂ ನಂದಿಯೇ ಇದ್ದ ಅನ್ನುವುದು ಎಂಥ ಯೋಗ! ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಗಂಗರ ಕಥೆ. ಜೈನ ಆಚಾರ್ಯ ಸಿಂಹನಂದಿ ತಮ್ಮ ನವಿಲುಗರಿಯ ಕುಂಚವನ್ನೇ ಅವರಿಗೆ ಧ್ವಜವಾಗಿ ಕೊಟ್ಟರಂತೆ. ಅದೇ ಪಿಂಛಧ್ವಜ. ಕೂರುವ ಮುಂಚೆ ಇರುವೆಗೂ ನೋವಾಗದ ಹಾಗೆ ನೆಲ ಸವರುವ ಕುಂಚ ಅದು. ಅದು ಒಂದು ರಾಜ್ಯದ ಬಾವುಟವಾಯಿತು.

ಧ್ವಜ ಕಟ್ಟುವ ಭಕ್ತಿಗೆ ಜಾತಿ ದೇಶದ ಹಂಗೂ ಇಲ್ಲ. ವಿದಿಶಾ ಹತ್ತಿರದ ಬೇಸ್‌ನಗರದಲ್ಲಿ ಕ್ರಿ.ಪೂ. 2ನೇ ಶತಮಾನದ ಒಂದು ಕಂಬವಿದೆ. ಅದನ್ನು ನಿಲ್ಲಿಸಿದವನು ತಕ್ಷಶಿಲೆಯಿಂದ ಬಂದ ಗ್ರೀಕ್ ರಾಯಭಾರಿ ಹೆಲಿಯೊಡೋರಸ್. ದೇವದೇವ ವಾಸುದೇವನಿಗೆ ಈ ಗರುಡಧ್ವಜ ಅಂತ ಕಲ್ಲಿನಲ್ಲಿ ಕೊರೆಸಿ, ತಾನು ಭಾಗವತ ಅಂತ ಹೇಳಿಕೊಂಡಿದ್ದಾನೆ.

ಇನ್ನು ಗುಡಿಯ ಒಳಗಿನ ಮಾತು. ವಿಷ್ಣುವಿನ ಬ್ರಹ್ಮೋತ್ಸವ ಶುರುವಾಗುವುದೇ ಗರುಡ ಪಟ ಏರಿದ ಮೇಲೆ. ಬಟ್ಟೆಯ ಮೇಲೆ ಗರುಡನನ್ನು ಬರೆದು, ಪೂಜೆ ಮಾಡಿ, ಧ್ವಜಸ್ತಂಭಕ್ಕೆ ಏರಿಸುತ್ತಾರೆ. ಶಿವನ ಗುಡಿಯಾದರೆ ನಂದಿ. ಅದು ಮೇಲಿರುವ ತನಕ ದೇವತೆಗಳಿಗೂ ಊರಿಗೂ ಕರೆ ಹೋಗಿದೆ ಅಂತ ಅರ್ಥ. ಇಳಿದರೆ ಉತ್ಸವ ಮುಗಿಯಿತು. ಕರಾವಳಿಯವರು ಇದನ್ನೇ ಕೊಡಿ ಏರುವುದು ಅನ್ನುತ್ತಾರೆ. ಪುತ್ತೂರಿನ ಮಹಾಲಿಂಗೇಶ್ವರನಿಗೆ ಏಪ್ರಿಲ್ 10ಕ್ಕೆ ಕೊಡಿ ಏರುತ್ತದೆ. ಕೊಡಿ ಏರಿದ ಮೇಲೆ ಸೀಮೆ ಬಿಟ್ಟು ಹೋಗಬಾರದು ಅನ್ನುವ ಕಟ್ಟನ್ನು ಹಿರಿಯರು ಇಂದಿಗೂ ಪಾಲಿಸುತ್ತಾರೆ. ಮೈಸೂರು ದಸರೆಯಲ್ಲಿ ಜಂಬೂಸವಾರಿ ಹೊರಡುವ ಮುಂಚೆ ನಂದಿಧ್ವಜಕ್ಕೆ ಪೂಜೆ ಆಗಬೇಕು. ಸೊಲ್ಲಾಪುರದಲ್ಲಿ ಸಿದ್ಧರಾಮನ ಸಂಕ್ರಾಂತಿ ಜಾತ್ರೆಗೆ 7 ನಂದಿಧ್ವಜಗಳು ಹೊರಡುತ್ತವೆ. ಹಂಪಿಯ ವಿರೂಪಾಕ್ಷನ ರಂಗಮಂಟಪದಲ್ಲಿ ತಲೆ ಎತ್ತಿ ನೋಡಿ. ಚಾವಣಿಯ ಚಿತ್ರದಲ್ಲಿ ವಿದ್ಯಾರಣ್ಯರ ಪಲ್ಲಕ್ಕಿ ಹೊರಟಿದೆ. ಆನೆ, ವಾದ್ಯ, ಜೊತೆಗೆ ಬಾವುಟ ಹಿಡಿದವರು. ಬಾವುಟವಿಲ್ಲದ ಮೆರವಣಿಗೆಯನ್ನು ಆ ಚಿತ್ರಗಾರನಿಗೆ ಊಹಿಸಲೂ ಆಗಲಿಲ್ಲ.

ಈಗಿನ ಜಾತ್ರೆಗಳಲ್ಲಿ ನನಗೆ ಸಂಕಟವಾಗುವುದು ಇಲ್ಲೇ. ಊರ ಬಾಗಿಲಿನಿಂದ ಗುಡಿಯ ತನಕ ಫ್ಲೆಕ್ಸ್. ಅದರ ತುಂಬ ಮುಖಗಳು. ಸ್ವಾಮಿಯ ಚಿತ್ರ ಒಂದು ಮೂಲೆಯಲ್ಲಿ ಸಣ್ಣದಾಗಿ ಇರುತ್ತದೆ. ರಾಜ್ಯ ಆಳಿದವರೇ ಬಾವುಟದಲ್ಲಿ ತಮ್ಮ ಮುಖ ಬರೆಸಿಕೊಳ್ಳಲಿಲ್ಲ, ನಮಗೇನಾಗಿದೆ? ತೇರಿಗೂ ಈಗ ಪ್ಲಾಸ್ಟಿಕ್ ಬಾವುಟ ಬಂದಿದೆ. ಮಿಂಚುತ್ತದೆ ನಿಜ. ಗಾಳಿಗೆ ಅದು ಚರಚರ ಅನ್ನುತ್ತದೆ, ಬಟ್ಟೆಯ ಪಟಪಟ ಅದಕ್ಕೆ ಬರುವುದಿಲ್ಲ. ಜಾತ್ರೆ ಮುಗಿದ ಮೇಲೆ ಗಾಳಿಯ ಜೊತೆ ಹಾರಿ ಸ್ವಾಮಿ ಕಟ್ಟಿಸಿದ ಕೆರೆಯನ್ನೇ ಸೇರುತ್ತದೆ. ಸೋವಿ ಸಿಗುತ್ತೆ, ಹೊಲಿಯುವ ಕೆಲಸ ಇಲ್ಲ ಅಂತ ಜನ ಸುಮ್ನೆ ತರುತ್ತಾರೆ. ಯಾರನ್ನೂ ಬಯ್ಯುತ್ತಿಲ್ಲ. ಆದರೆ ಹರಕೆ ಅಂದರೆ ನಮ್ಮ ಕೈಯದೂ ಒಂದಿಷ್ಟು ಅದರಲ್ಲಿ ಇರಬೇಕು ಅಲ್ವಾ?

ಮುಂದಿನ ಫಾಲ್ಗುಣಕ್ಕೆ ಹಟ್ಟಿಗೆ ಹರಕೆ ಹೊತ್ತವರು ಇದ್ದರೆ ಒಂದು ಕೋರಿಕೆ. ಹತ್ತಿಯ ಬಟ್ಟೆ ತನ್ನಿ, ಹೊಸದು. ಬಣ್ಣ ಯಾವುದಾದರೂ ಸರಿ. ಮನೆಯಲ್ಲಿ ಹೊಲಿಯುವವರು ಇಲ್ಲದಿದ್ದರೆ ಓಣಿಯ ದರ್ಜಿಗೆ ಕೊಡಿ. ಅಂಚು ಎರಡು ಸಲ ಮಡಚಲಿ, ತುದಿಯ ಮೂಲೆಗೆ ಜಾಸ್ತಿ ಹೊಲಿಗೆ ಬೀಳಲಿ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಇನ್ನೂ ಒಳ್ಳೆಯದು, ಒಂದೆರಡು ಹೊಲಿಗೆ ಅವರೂ ಹಾಕಲಿ.